ಬದನೆಕಾಯಿ ಬಣ್ಣದ ಇಪ್ಪತ್ತೈದು ಗಾಡಿಗಳು

ಪುಟ್ಟರಾಜು ಅಮೆರಿಕಕ್ಕೆ ಹೋದವನಲ್ಲ. ಅವನ ಬಳಿ ಕಾರೂ ಇಲ್ಲ. ಇರುವುದು ಒಂದು ಹಳೆಯ ಬೈಕು, ಆತಗೂರಿನಿಂದ ಗೆಜ್ಜಲಗೆರೆಗೆ ದಿನಾ ಹೋಗಿ ಬರುವ ಕೆಲಸ, ಆ ಕೆಲಸದಲ್ಲಿ ಕಬ್ಬಿಣದ ಬೀರುಗಳಿಗೆ ಬಣ್ಣ ಹೊಡೆಯುವ ಒಂದು ಗನ್ನು. ಆದರೂ ಐವತ್ತು ವರ್ಷದ ಹಿಂದಿನ ಅಮೆರಿಕದ ಕಾರುಗಳ ಬಗ್ಗೆ ಮದ್ದೂರು ತಾಲೂಕಿನಲ್ಲಿ ಅವನಷ್ಟು ತಿಳಿದವರು ಇನ್ನೊಬ್ಬರಿರಲಿಲ್ಲ. ತಿಳಿಯಬೇಕೆಂದವರೂ ಇನ್ನೊಬ್ಬರಿರಲಿಲ್ಲವಾದ್ದರಿಂದ ಈ ಸ್ಥಾನಕ್ಕೆ ಪೈಪೋಟಿಯೂ ಇರಲಿಲ್ಲ.

ವಿದ್ಯೆಯೆಲ್ಲ ಮೊಬೈಲಿನಿಂದ ಬಂದದ್ದು. ಕಾರ್ಖಾನೆಯ ಊಟದ ಹೊತ್ತಿನಲ್ಲಿ ಮುದ್ದೆಯ ಡಬ್ಬಿಗೆ ಮೊಬೈಲು ಒರಗಿಸಿಕೊಂಡು ಅವನು ಆ ದಪ್ಪ ಮೂತಿಯ ಕಾರುಗಳನ್ನು ನೋಡುತ್ತಿದ್ದ. ಸಂಜೆ ಟೀ ಅಂಗಡಿಯಲ್ಲಿ ಅದನ್ನು ಹಂಚುತ್ತಿದ್ದ.

"ಅಲ್ಲಿ ರೂಲ್ಸು ಹೆಂಗಿತ್ತು ಗೊತ್ತೇನ್ಲಾ? ರೇಸಲ್ಲಿ ಓಡ್ಸೋ ಕಾರ್ನಂತದ್ದೇ ಕಾರ ಇಂತಿಷ್ಟು ಅಂತ ಜನಕ್ಕೂ ಮಾರಿರ್ಬೇಕು. ಒಂದೇ ಒಂದ ಸ್ಪೆಸಲ್ಲಾಗಿ ಕಟ್ಕೊಂಡು ಬಂದು ಗೆದ್ಬುಡ್ತೀನಿ ಅಂದ್ರೆ ನಡ್ಯಾಕಿಲ್ಲ. ಅದ್ಕೇ ಕಂಪ್ನಿಯೋರು ರೇಸಿನ ಬಣ್ಣ, ರೇಸಿನ ಪಟ್ಟೆ ಎಲ್ಲಾನೂ ಕಾರ್ಖಾನೇಲೇ ಬಳ್ದು ಮಾರ್ತಿದ್ರು. ಮೇಷ್ಟ್ರು, ಡಾಕ್ಟ್ರು ಎಲ್ಲಾ ಪಟ್ಟೆ ಕಾರಲ್ಲಿ ಓಗಿ ತರಕಾರಿ ತತ್ತಿದ್ರು."

"ಯಾವ್ ಬಣ್ಣ?" ಎಂದು ಟೀ ಅಂಗಡಿಯವನು ಕೇಳಿದ, ವ್ಯಾಪಾರಕ್ಕಾಗಿ.

"ಬದ್ನೆಕಾಯಿ ಬಣ್ಣ ಕೂಡ ಇತ್ತು ಕಣ್ಲಾ. ಬಾನೆಟ್ಟಿಗೆ ಮಾತ್ರ ಹೊಳಪಿಲ್ದಿರೋ ಕರಿ ಬಣ್ಣ. ಓಡ್ಸೋನ ಕಣ್ಗೆ ಬಿಸ್ಲು ಒಡೀಬಾರ್ದು ಅಂತ."

ಈ ಕೊನೆಯ ಮಾತೇ ಮುಂದಿನ ಎಲ್ಲ ಅನಾಹುತಕ್ಕೂ ಕಾರಣ. ಏಕೆಂದರೆ ಪುಟ್ಟರಾಜುವಿನ ತಂದೆ ಅಂಕಯ್ಯನವರು ಭತ್ತದ ಕೊಯ್ಲು ಮುಗಿದ ಮೇಲೆ ಆತಗೂರಿನಲ್ಲಿ ನಡೆಯುವ ಎತ್ತಿನ ಗಾಡಿ ಓಟದಲ್ಲಿ ಸತತ ಮೂರು ವರ್ಷ ಎರಡನೆಯವರಾಗಿ ಬಂದಿದ್ದರು. ಮೂರು ವರ್ಷವೂ ಅವರು ಕೊಟ್ಟ ಕಾರಣ ಒಂದೇ: "ಬಿಸ್ಲು ಕಣ್ಗೆ ಒಡೀತು." ಓಟ ನಡೆಯುವುದು ಸಂಜೆ ನಾಲ್ಕಕ್ಕೆ, ಪಶ್ಚಿಮದ ಕಡೆಗೆ. ಮೊದಲನೆಯವನಾಗಿ ಬರುತ್ತಿದ್ದ ಮಳವಳ್ಳಿಯ ಸಿದ್ದರಾಮುವಿನ ಕಣ್ಣಿಗೂ ಅದೇ ಬಿಸಿಲು ಹೊಡೆಯುತ್ತಿತ್ತಲ್ಲ ಎಂದು ಕೇಳುವ ಧೈರ್ಯ ಮನೆಯಲ್ಲಿ ಯಾರಿಗೂ ಇರಲಿಲ್ಲ. ಅಂಕಯ್ಯನವರಿಗೆ ಎಪ್ಪತ್ತಾಗಿತ್ತು. ಎತ್ತುಗಳಿಗೆ ಇದು ಒಳ್ಳೆಯ ಪ್ರಾಯ. ಮುಂದಿನ ವರ್ಷ ಎರಡರಲ್ಲಿ ಒಂದು ಪಕ್ಷಕ್ಕೆ ವಯಸ್ಸಾಗಿರುತ್ತದೆ ಎಂಬುದು ಎಲ್ಲರಿಗೂ ಗೊತ್ತಿತ್ತು. ಮೈಕಿನಲ್ಲಿ "ಪ್ರಥಮ, ಅಂಕಯ್ಯ" ಎಂದು ಒಮ್ಮೆ ಕೇಳಿಬಿಟ್ಟರೆ ಸಾಕು ಎಂದು ಮುದುಕರು ಎತ್ತುಗಳಿಗೆ ಹೇಳುವುದನ್ನು ಪುಟ್ಟರಾಜು ಕೊಟ್ಟಿಗೆಯ ಗೋಡೆಯ ಆಚೆಯಿಂದ ಕೇಳಿಸಿಕೊಂಡಿದ್ದ.

ಅದೇ ಹೊತ್ತಿಗೆ ಕಾರ್ಖಾನೆಯಲ್ಲಿ ಯಾರೋ ವ್ಯಾಪಾರಿ ಬದನೆಕಾಯಿ ಬಣ್ಣದ ಹನ್ನೆರಡು ಬೀರು ಬೇಕೆಂದು ಆರ್ಡರ್ ಕೊಟ್ಟು, ಮೊದಲನೆಯದನ್ನು ಕಣ್ಣಾರೆ ನೋಡಿ, ಮಿಕ್ಕ ಹನ್ನೊಂದು ಬೇಡವೆಂದು ಹೋದ. ಮೊದಲನೆಯದನ್ನೂ ಒಯ್ಯಲಿಲ್ಲ. ಮೂರು ಡ್ರಮ್ಮು ಬಣ್ಣ ಮೂಲೆಗೆ ಬಿತ್ತು. "ತಗೊಂಡೋಗಪ್ಪ, ಕಣ್ಣಿಂದ ದೂರ ಆದ್ರೆ ಸಾಕು" ಎಂದು ಸೂಪರ್‌ವೈಸರು ಗೇಟ್ ಪಾಸಿಗೆ ಸಹಿ ಹಾಕಿಕೊಟ್ಟ.

ಅಂಕಯ್ಯನವರು ಮಗಳ ಮನೆಗೆಂದು ಎರಡು ದಿನ ಕೊಕ್ಕರೆ ಬೆಳ್ಳೂರಿಗೆ ಹೋಗಿದ್ದರು. ಹೋಗುವಾಗ ಗಾಡಿಗೆ ಕೀಲೆಣ್ಣೆ ಹಾಕಿಡು ಎಂದಿದ್ದರು. ಬಂದು ನೋಡಿದರೆ ಗಾಡಿ ಬದನೆಕಾಯಿ ಬಣ್ಣದಲ್ಲಿ ನಿಂತಿತ್ತು. ಎರಡು ಬಿಳಿ ಪಟ್ಟೆ ಹಿಂದಿನಿಂದ ಮುಂದಕ್ಕೆ. ಮುಂದಿನ ಹಲಗೆ ಇದ್ದಿಲಿನಂತೆ ಕಪ್ಪು.

ಅಂಕಯ್ಯನವರು ಗಾಡಿಯ ಸುತ್ತ ಒಂದು ಸುತ್ತು ಬಂದರು. ಆಮೇಲೆ ಸೊಸೆ ಮಂಜುಶ್ರೀಯನ್ನು ಕರೆದರು. ಮಗ ಮೂರಡಿ ದೂರದಲ್ಲೇ ಇದ್ದ.

"ಅವ್ನಿಗೆ ಯೋಳವ್ವ. ನಾನ್ ಯೋಳಿದ್ದು ಕೀಲೆಣ್ಣೆ."

"ಕೀಲೆಣ್ಣೆ ಅಂತೆ" ಎಂದಳು ಮಂಜುಶ್ರೀ.

"ಕಪ್ಪು ಬಳ್ದಿರೋದು ಅಪ್ಪನ ಕಣ್ಣಿಗೋಸ್ಕರ ಅಂತ ಹೇಳು" ಎಂದ ಪುಟ್ಟರಾಜು.

"ಕಣ್ಣಿಗಂತೆ ಮಾವ."

"ನನ್ನ ಮುಂದೆ ಇರೋದು ಎಲ್ಡು ಎತ್ತಿನ ಬಾಲ. ಅದ್ಕೂ ಬಣ್ಣ ಬಳೀತಾನಾ ಕೇಳು."

ಅಂದಿನಿಂದ ತಂದೆ ಮಗನೊಡನೆ ಮಾತು ಬಿಟ್ಟರು. ಓಟಕ್ಕೆ ಹದಿನೆಂಟು ದಿನವಿತ್ತು.

ಮರುದಿನ ಓಟದ ಸಮಿತಿಯ ಸಭೆ. ಅಧ್ಯಕ್ಷರು ನಿವೃತ್ತ ಮೇಷ್ಟ್ರು ಕರಿಸಿದ್ದಯ್ಯನವರು. ಕಾರ್ಯದರ್ಶಿ ಪುಟ್ಟರಾಜು, ಅವನಿಗೆ ಮೊಬೈಲಿನಲ್ಲಿ ಕನ್ನಡ ಟೈಪು ಮಾಡಲು ಬರುತ್ತದೆ ಎಂಬುದು ಅರ್ಹತೆ. ಚರ್ಚೆಯ ವಿಷಯ ಸಿದ್ದರಾಮು. ಅವನು ಮೂರು ವರ್ಷದಿಂದ ಅಲ್ಯೂಮಿನಿಯಂ ಪೈಪು ಬೆಸೆದು, ಮೊಪೆಡ್ಡಿನ ಚಕ್ರ ಹಾಕಿದ, ಒಬ್ಬನೇ ಹೆಗಲ ಮೇಲೆ ಹೊತ್ತುಕೊಂಡು ಹೋಗಬಹುದಾದ ಒಂದು ವಸ್ತುವನ್ನು ಗಾಡಿ ಎಂದು ತಂದು ಗೆದ್ದುಕೊಂಡು ಹೋಗುತ್ತಿದ್ದ.

"ಕಬ್ಬು ಹೇರೋ ಗಾಡಿ ಮಾತ್ರ ಓಡ್ಬೇಕು ಅಂತ ಬರ್ದ್ರೆ, ಅದ್ರಲ್ಲಿ ಎರಡು ಜಲ್ಲೆ ಇಟ್ಕೊಂಡು ಬಂದು ಇದೂ ಕಬ್ಬಿನ ಗಾಡಿ ಅಂತಾನೆ" ಎಂದರು ಕರಿಸಿದ್ದಯ್ಯನವರು.

ಆಗ ಪುಟ್ಟರಾಜು ಎದ್ದು ನಿಂತ. ಹತ್ತು ನಿಮಿಷ ಅಮೆರಿಕದ ವಿಚಾರ ಮಾತಾಡಿದ. ಸಭೆಗೆ ಮೊದಲ ಬಾರಿ ಅವನ ಮಾತು ಉಪಯೋಗದ್ದಾಗಿ ಕಂಡಿತು. ನಿಯಮ ಅಲ್ಲೇ ತಯಾರಾಯಿತು: "ಓಟಕ್ಕೆ ಇಳಿಯುವ ಗಾಡಿಯಂಥದ್ದೇ ಗಾಡಿಗಳು ಆತಗೂರು ಹೋಬಳಿಯ ರೈತರ ದಿನಬಳಕೆಯಲ್ಲಿ ಕನಿಷ್ಠ ಇಪ್ಪತ್ತೈದು ಇರತಕ್ಕದ್ದು. ಆಕಾರ, ಅಳತೆ ಮತ್ತು ಬಣ್ಣ ಒಂದೇ ಇರತಕ್ಕದ್ದು. ಮೊದಲು ಬಂದ ಗಾಡಿಯ ಮಾಲೀಕರಿಗೆ ಒಂದು ಬೀರು." ಬೀರು ಪುಟ್ಟರಾಜುವಿನ ಕಾರ್ಖಾನೆಯ ಕೊಡುಗೆ. ಯಾವ ಬೀರು ಎಂದು ಓದುಗರು ಊಹಿಸಬಹುದು. "ಬಣ್ಣ" ಎಂಬ ಪದವನ್ನು ಯಾರೂ ಕೇಳಿರಲಿಲ್ಲ. ಅಮೆರಿಕದ ಮೇಲಿನ ಗೌರವದಿಂದ ಪುಟ್ಟರಾಜು ತಾನೇ ಸೇರಿಸಿದ.

ಮದ್ದೂರಿನಲ್ಲಿ ಒಂದು ಸಾವಿರ ಕರಪತ್ರ ಅಚ್ಚಾಗಿ ಬಂದು, ಅರ್ಧ ಹಂಚಿಯೂ ಆದ ಮೇಲೆ ಕರಿಸಿದ್ದಯ್ಯನವರು ಕನ್ನಡಕ ಸರಿಮಾಡಿಕೊಂಡು ಕೇಳಿದರು: "ಪುಟ್ರಾಜು, ನಿಮ್ಮಪ್ಪನ ಗಾಡಿ ಬಣ್ಣದ್ದು ಹೋಬ್ಳೀಲಿ ಎಷ್ಟವಪ್ಪ?"

ಪುಟ್ಟರಾಜು ಮನಸ್ಸಿನಲ್ಲೇ ಎಣಿಸಿದ. ಹೆಚ್ಚು ಹೊತ್ತು ಹಿಡಿಯಲಿಲ್ಲ. "ಒಂದು" ಎಂದ.

"ರೂಲ್ಸು?"

"ಇಪ್ಪತ್ತೈದು."

"ಬರ್ದೋರು ಯಾರು?"

ಪುಟ್ಟರಾಜು ಕರಪತ್ರವನ್ನು ನಾಲ್ಕಾಗಿ ಮಡಚಿ ಜೇಬಿಗೆ ಹಾಕಿಕೊಂಡ.

ಗಾಡಿಯ ಬಣ್ಣವನ್ನು ಕೆರೆದುಹಾಕಿದರೆ ಆಯಿತಲ್ಲ ಎಂದು ನೀವು ಕೇಳಬಹುದು. ಇದು ಸುಲಭವಾದ ದಾರಿ. ಕಾರ್ಯದರ್ಶಿಗೂ ಹೊಳೆಯಲಿಲ್ಲ, ಅಧ್ಯಕ್ಷರಿಗೂ ಹೊಳೆಯಲಿಲ್ಲ. ಅಮೆರಿಕದಲ್ಲಿ ಕಾರ್ಖಾನೆಯವರು ಏನು ಮಾಡಿದರೋ ತಾನೂ ಅದನ್ನೇ ಮಾಡಬೇಕು ಎಂದು ಪುಟ್ಟರಾಜು ನಿಶ್ಚಯಿಸಿದ. ಅಂದರೆ ಮಿಕ್ಕ ಇಪ್ಪತ್ನಾಲ್ಕು ಗಾಡಿಗಳಿಗೂ ಅದೇ ಬಣ್ಣ ಬಳಿಯುವುದು.

ಮೊದಲ ಗಾಡಿ ಪಕ್ಕದ ಬೀದಿಯ ಚಿಕ್ಕನಂಜಮ್ಮನದು. ಒಂಟಿ ಹೆಂಗಸು. ಎರಡೆಕರೆ ಕಬ್ಬು, ಒಂದು ಗಾಡಿ, ಯಾರನ್ನೂ ನಂಬದ ಸ್ವಭಾವ.

"ಚಿಕ್ಕನಂಜಕ್ಕ, ನಿನ್ ಗಾಡಿಗೆ ಬಣ್ಣ ಬಳ್ದ್ ಕೊಡ್ತೀನಿ."

"ಎಷ್ಟು?"

"ಪುಕ್ಸಟ್ಟೆ."

ಚಿಕ್ಕನಂಜಮ್ಮ ಸೊಂಟದ ಮೇಲೆ ಕೈಯಿಟ್ಟು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಈ ಊರಲ್ಲಿ ಪುಕ್ಸಟ್ಟೆ ಬಣ್ಣ ಬಳಿಯೋರು ಸರ್ಕಾರದೋರೊಬ್ರೇ ಕಣಪ್ಪ. ಇಸ್ಕೂಲ್ ಗೋಡೆಗೆ ಬಳ್ದ್ರು, ನೀರಿನ್ ಟ್ಯಾಂಕಿಗೆ ಬಳ್ದ್ರು. ಇದೂ ಅವ್ರದ್ದೇ ತಾನೆ?"

ಪುಟ್ಟರಾಜು ಇಲ್ಲ ಎನ್ನಲು ಬಾಯಿ ತೆರೆದ. ಇಲ್ಲ ಎಂದರೆ ಕಾರಣ ಹೇಳಬೇಕು. ಕಾರಣ ಹೇಳಿದರೆ ಅಮೆರಿಕದಿಂದ ಶುರುಮಾಡಬೇಕು. ಬಿಸಿಲು ಏರುತ್ತಿತ್ತು. "ಏನೋ ಒಂದು, ಬುಡಕ್ಕ" ಎಂದುಬಿಟ್ಟ.

"ಬಾಯ್ ಬುಡ್ಬ್ಯಾಡ ಅಂದವ್ರಾ? ಸರಿ ಬುಡು, ನಾನೂ ಯಾರ್ಗೂ ಯೋಳಾಕಿಲ್ಲ" ಎಂದಳು ಚಿಕ್ಕನಂಜಮ್ಮ.

ಸಂಜೆಯೊಳಗೆ ಇಡೀ ಹೋಬಳಿಗೆ ಗೊತ್ತಾಯಿತು. ಬದನೆಕಾಯಿ ಬಣ್ಣದ ಗಾಡಿ ಇದ್ದವರಿಗೆ ಸಬ್ಸಿಡಿ ಬರುತ್ತದೆ. ಎಷ್ಟು, ಯಾವುದಕ್ಕೆ ಎಂದು ಯಾರಿಗೂ ತಿಳಿಯದಿದ್ದುದೇ ಅದು ನಿಜವಾದ ಯೋಜನೆ ಎಂಬುದಕ್ಕೆ ಪುರಾವೆಯಾಯಿತು. ಎರಡು ಬಿಳಿ ಪಟ್ಟೆ ಇರುವುದು ಸಣ್ಣ ರೈತ, ಅತಿ ಸಣ್ಣ ರೈತ ಎಂಬ ಎರಡು ವರ್ಗಕ್ಕೆ ಎಂದು ಒಬ್ಬರು ವಿವರಿಸಿದರು. ಕಪ್ಪು ಹಲಗೆಯ ಮೇಲೆ ಆಮೇಲೆ ನಂಬರು ಬರೆಯುತ್ತಾರೆ ಎಂದು ಇನ್ನೊಬ್ಬರು. ಪುಟ್ಟರಾಜು ಬೆಳಿಗ್ಗೆ ಐದೂವರೆಗೆ ಬಾಗಿಲು ತೆಗೆದರೆ ಹೊರಗೆ ಗಾಡಿಗಳ ಸಾಲು ನಿಂತಿರುತ್ತಿತ್ತು. ಅಂಕಯ್ಯನವರು ಮಾತ್ರ ಮಗನ ಕರಪತ್ರವನ್ನೂ ಮುಟ್ಟದೆ, ಆ ಸಾಲಿನ ಕಡೆ ತಲೆಯೂ ಹಾಕದೆ ಹಿತ್ತಲ ಬಾಗಿಲಿನಿಂದಲೇ ಓಡಾಡುತ್ತಿದ್ದರು. ಗಾಡಿ ಇಲ್ಲದವರೂ ಆಧಾರ್ ಜೆರಾಕ್ಸು ಹಿಡಿದು ಬಂದರು. ಒಬ್ಬಾತ ಕೋಳಿಗೂಡು ಹೊತ್ತು ತಂದು, "ಇದ್ಕೂ ಬಳಿ, ಸಿಕ್ಕಿದ್ರೆ ಸಿಕ್ಲಿ" ಎಂದ.

ಪುಟ್ಟರಾಜುವಿಗೆ ಇಪ್ಪತ್ತೈದು ಬೇಕಿತ್ತು. ಹತ್ತು ದಿನದಲ್ಲಿ ಮೂವತ್ತೊಂದಾಯಿತು.

ಇಷ್ಟರಲ್ಲಿ ಗ್ರಾಮ ಆಡಳಿತಾಧಿಕಾರಿ ಮೋಹಿನಿ ಮೇಡಂ ಅವರ ಕಚೇರಿಯ ಮುಂದೆ ಜನ ಸೇರತೊಡಗಿದರು. ಮೋಹಿನಿಯವರು ಕೆಲಸಕ್ಕೆ ಸೇರಿ ಎಂಟು ತಿಂಗಳು. ಅಂಥ ಯೋಜನೆ ಇದೆ ಎನ್ನಲು ಆದೇಶ ಬಂದಿರಲಿಲ್ಲ. ಇಲ್ಲ ಎನ್ನಲೂ ಆದೇಶ ಬಂದಿರಲಿಲ್ಲ. ಮೇಲಿನ ಕಚೇರಿಗೆ ಫೋನು ಮಾಡಿದರು. ಮೇಲಿನವರಿಗೂ ಗೊತ್ತಿರಲಿಲ್ಲ. ಆದರೆ ಗೊತ್ತಿಲ್ಲ ಎನ್ನುವ ಪದ್ಧತಿ ಅಲ್ಲಿರಲಿಲ್ಲ. "ಸ್ಥಳ ಪರಿಶೀಲನೆ ಮಾಡಿ, ಪಟ್ಟಿ ಕಳಿಸಿಯಮ್ಮ" ಎಂದರು.

ಮೋಹಿನಿಯವರು ಟೇಪು ಹಿಡಿದು ಹೋಬಳಿಯ ಗಾಡಿಗಳನ್ನೆಲ್ಲ ಅಳೆದರು. ಒಟ್ಟು ನಲವತ್ಮೂರು ಗಾಡಿ. ನೇರಳೆ ಬಣ್ಣದವು ಮೂವತ್ತೊಂದು. ಮರದ ಬಣ್ಣದವು ಹನ್ನೆರಡು. ಕೊನೆಗೆ ಪುಟ್ಟರಾಜುವನ್ನು ಪಕ್ಕಕ್ಕೆ ಕರೆದರು.

"ನೀವು ಯಾವ ಇಲಾಖೆ?"

"ಬೀರು, ಮೇಡಂ."

ಅವರು ತಲೆಯಾಡಿಸಿ ಬರೆದುಕೊಂಡರು. ಇತ್ತೀಚೆಗೆ ಇಲಾಖೆಗಳ ಹೆಸರು ಬೇಗ ಬೇಗ ಬದಲಾಗುತ್ತಿದ್ದವು.

ಮೊಹರು ಬಿದ್ದ ಪಟ್ಟಿಯ ನಕಲು ಪುಟ್ಟರಾಜುವಿನ ಕೈಸೇರಿತು. ಕ್ರಮ ಸಂಖ್ಯೆ ಒಂದು: ಅಂಕಯ್ಯ, ಆತಗೂರು, ನೇರಳೆ. ಅವನು ಅದನ್ನು ಕರಿಸಿದ್ದಯ್ಯನವರಿಗೆ ಕೊಟ್ಟ. ಅಮೆರಿಕದಲ್ಲಿಯೂ ಇಷ್ಟು ಬಿಗಿಯಾದ ದಾಖಲೆ ಇರಲಿಕ್ಕಿಲ್ಲ ಎಂದು ಅವರಿಬ್ಬರೂ ತೀರ್ಮಾನಿಸಿದರು. ಮೋಹಿನಿಯವರು ಹೊರಗಿನವರು, ಟೇಪು ಉಳ್ಳವರು ಎಂಬ ಕಾರಣಕ್ಕೆ ಓಟದ ತೀರ್ಪುಗಾರರಾಗಿ ಬರಬೇಕೆಂದು ಅವರನ್ನೇ ಕೇಳಿಕೊಂಡದ್ದೂ ಆಯಿತು.

ಮನೆಯಲ್ಲಿ ಮಾತ್ರ ಪರಿಸ್ಥಿತಿ ಬೇರೆ ಇತ್ತು. ತಂದೆ ಮಗನ ಮಾತೆಲ್ಲ ಮಂಜುಶ್ರೀಯ ಮೂಲಕವೇ ಹೋಗಿ ಬರುತ್ತಿತ್ತು. ಉಪ್ಪು ಕೊಡು ಎಂಬುದಕ್ಕೂ ಎರಡು ಸಲ ಹೇಳಬೇಕು. ಓಟಕ್ಕೆ ಐದು ದಿನವಿರುವಾಗ ಅವಳು ಸೌಟು ಕೆಳಗಿಟ್ಟಳು.

"ಮಾವ, ನೀವೇ ಯೋಳ್ಕಳಿ. ಏನ್ರೀ, ನೀವೇ ಕೇಳ್ಕಳಿ. ನಾನೇನು ಪೋಸ್ಟಾಪೀಸಾ? ಇವತ್ತಿಂದ ಯಾರ್ ಮಾತೂ ಸಾಗಿಸಾಕಿಲ್ಲ."

ಈ ರಾಜೀನಾಮೆ ಬಂದ ಹೊತ್ತು ಸರಿಯಿರಲಿಲ್ಲ. ಇತ್ತ ಕಡೆಯಿಂದ ಹೋಗಬೇಕಿದ್ದ ಸಂಗತಿ ಒಂದಿತ್ತು: ಓಟದ ನಿಯಮಕ್ಕಾಗಿಯೇ ಊರಿನ ಗಾಡಿಗಳಿಗೆಲ್ಲ ಬಣ್ಣ ಬಳಿಯಲಾಗಿದೆ. ಅತ್ತ ಕಡೆಯಿಂದ ಬರಬೇಕಿದ್ದ ಸಂಗತಿಯೂ ಒಂದಿತ್ತು: ಅಂಕಯ್ಯನವರು ಉಪ್ಪುಕಾಗದ ತರಿಸಿಕೊಂಡಿದ್ದಾರೆ. ಎರಡೂ ತಲುಪಲಿಲ್ಲ.

ಓಟದ ದಿನ ಮಧ್ಯಾಹ್ನದಿಂದಲೇ ಮೋಡ. ಕೊಯ್ದ ಗದ್ದೆಯಲ್ಲಿ ಸುಣ್ಣದ ಗೆರೆ ಎಳೆದಿತ್ತು. ವೇದಿಕೆಯ ಮೇಲೆ ಬೀರು ನಿಂತಿತ್ತು; ಅದರ ಬಣ್ಣದಿಂದಾಗಿ ಅತಿಥಿಗಳು ಕುರ್ಚಿಗಳನ್ನು ಒಂದಿಷ್ಟು ದೂರ ಎಳೆದುಕೊಂಡಿದ್ದರು. ಪುಟ್ಟರಾಜು ಇಸ್ತ್ರಿ ಶರ್ಟು ಹಾಕಿ, ಪಟ್ಟಿಯನ್ನು ಜೇಬಿನಲ್ಲಿಟ್ಟು, ಅಪ್ಪನ ದಾರಿ ಕಾಯುತ್ತಿದ್ದ.

ಅಂಕಯ್ಯನವರು ಬಂದರು. ಹೊಸ ಪಂಚೆ, ತಲೆಗೆ ಟವೆಲು. ಎತ್ತುಗಳ ಕೊಂಬಿಗೆ ಹಿತ್ತಾಳೆ ಕಳಸ. ಹಿಂದೆ ಗಾಡಿ, ಅವರಪ್ಪನ ಕಾಲದಲ್ಲಿ ಹೇಗಿತ್ತೋ ಹಾಗೆ: ಬರೀ ಮರ, ಗಾಲಿಗೆ ಕೆಮ್ಮಣ್ಣು. ನಾಲ್ಕು ದಿನ ಟಾರ್ಪಾಲಿನ ಮರೆಯಲ್ಲಿ ಕೂತು ಅವರು ಉಜ್ಜಿದ್ದರು. ಒಂದು ಸಂದಿಯಲ್ಲೂ ಬದನೆಕಾಯಿ ಉಳಿದಿರಲಿಲ್ಲ.

ಮೋಹಿನಿಯವರು ಟೇಪು ಬಿಚ್ಚಲೇ ಇಲ್ಲ. "ಕ್ರಮ ಸಂಖ್ಯೆ ಒಂದು ನೇರಳೆ ಇತ್ತಲ್ಲ?"

"ಇತ್ತು. ತಗ್ದೆ" ಎಂದರು ಅಂಕಯ್ಯ.

ಮೋಹಿನಿಯವರು ಪಟ್ಟಿಯಲ್ಲಿ ಒಂದು ಗೆರೆ ಹೊಡೆದು ಕೂಡಿಸಿದರು. "ಈಗ ನೇರಳೆ ಮೂವತ್ತು. ಮರದ ಬಣ್ಣ ಹದಿಮೂರು. ನಿಯಮದ ಪ್ರಕಾರ ಇಪ್ಪತ್ತೈದು ಇರಬೇಕು. ಈ ಗಾಡಿ ಓಡೋ ಹಾಗಿಲ್ಲ ಯಜಮಾನ್ರೆ."

"ಏನಂದೆ ತಾಯಿ? ಮರದ್ ಬಣ್ಣದ್ ಗಾಡಿ ಹೋಬ್ಳೀಲಿ ಇಪ್ಪತ್ತೈದು ಇಲ್ವಾ? ನಲವತ್ತಿದ್ವಲ್ಲ!"

"ಇದ್ವು. ಬಳಿದುಬಿಟ್ಟಿದ್ದಾರೆ."

"ಯಾವೋನು ಬಳ್ದೋನು?"

ಜನ ಪುಟ್ಟರಾಜುವಿನ ಕಡೆ ನೋಡಿದರು.

"ರೂಲ್ಸು ಬರ್ದೋನು ಯಾವೋನು?"

ಜನ ಬೇರೆ ಕಡೆ ನೋಡುವ ಅಗತ್ಯವೇ ಬೀಳಲಿಲ್ಲ. ಪುಟ್ಟರಾಜು ಮೋಡವನ್ನು ಪರೀಕ್ಷಿಸುತ್ತ ನಿಂತಿದ್ದ.

ಆ ಹೊತ್ತಿಗೆ ಮಳವಳ್ಳಿಯ ಸಿದ್ದರಾಮು ತನ್ನ ಅಲ್ಯೂಮಿನಿಯಂ ವಸ್ತುವನ್ನು ಬದಿಗೆ ಒರಗಿಸಿ, ಯಾರದೋ ಬದನೆಕಾಯಿ ಗಾಡಿಯನ್ನು ಎರವಲು ಪಡೆದು ಎತ್ತು ಹೂಡುತ್ತಿದ್ದ. "ಏನ್ ಅಂಕಣ್ಣ, ಈ ಸಲ ಬಿಸ್ಲಿಲ್ಲ ಅಂತ ಗಾಡೀನೇ ಬುಡಿಸ್ಬುಟ್ರಾ?" ಎಂದ.

ಅಂಕಯ್ಯನವರ ಮುಖ ನೋಡಲಾಗದೆ ಕರಿಸಿದ್ದಯ್ಯನವರು ಕನ್ನಡಕ ತೆಗೆದು ಒರೆಸತೊಡಗಿದರು. ಎತ್ತುಗಳು ಗೆರೆ ನೋಡಿ ಕಾಲು ಕೆರೆಯುತ್ತಿದ್ದವು. ಮುದುಕರು ಅವುಗಳ ಕೊರಳು ತಟ್ಟಿ, ನೊಗ ಬಿಚ್ಚಿ ಮನೆಯ ಕಡೆ ತಿರುಗಿಸಲು ಕೈ ಹಾಕಿದರು.

"ಅಂಕಣ್ಣ, ನಿಲ್ಲು" ಎಂಬ ದನಿ ಬಂತು. ಚಿಕ್ಕನಂಜಮ್ಮ ತನ್ನ ಗಾಡಿಯನ್ನು ತಾನೇ ಎಳೆದುಕೊಂಡು ಬರುತ್ತಿದ್ದಳು. "ನನ್ ಗಾಡಿ ತಗೋ. ಆದ್ರೆ ಒಂದು ಗೀರು ಬೀಳ್ಬಾರ್ದು ನೋಡು. ಸಬ್ಸಿಡಿ ಸಾಯೇಬ್ರು ಬಂದು ಪೋಟೋ ತಗೀಬೇಕು."

ಅಂಕಯ್ಯನವರು ಆ ಗಾಡಿಯನ್ನು ನೋಡಿದರು. ಬದನೆಕಾಯಿ. ಎರಡು ಪಟ್ಟೆ. ಕಪ್ಪು ಹಲಗೆ. ಅವರು ಕಣ್ಣು ಮುಚ್ಚಿಕೊಂಡು ಹತ್ತಿದರು ಎಂದು ಕೆಲವರು ಹೇಳುತ್ತಾರೆ. ನಾನು ದೂರದಲ್ಲಿದ್ದೆ.

ಎಂಟು ಜೋಡಿ ಓಡಿ, ಕೊನೆಗೆ ಇಬ್ಬರು ಉಳಿದರು: ಅಂಕಯ್ಯ ಮತ್ತು ಸಿದ್ದರಾಮು. ಈ ಸಲ ಇಬ್ಬರ ಗಾಡಿಗೂ ಒಂದೇ ತೂಕ, ಒಂದೇ ಗಾಲಿ, ಒಂದೇ ಬಣ್ಣ. ಸೀಟಿ ಊದಿದರು. ಧೂಳೆದ್ದಿತು. ಧೂಳಿನೊಳಗೆ ಬದನೆಕಾಯಿ ಬಣ್ಣ ಒಂದು ಕಾಣುತ್ತಿತ್ತು. ಸ್ವಲ್ಪ ಹೊತ್ತಿಗೆ ಬದನೆಕಾಯಿ ಬಣ್ಣ ಇನ್ನೊಂದು. ಆದರೆ ಆತಗೂರಿನಲ್ಲಿ ಗಾಡಿ ನೋಡಿ ಗುರುತು ಹಿಡಿಯುವವರು ಯಾರೂ ಇರಲಿಲ್ಲ. ಎಲ್ಲರೂ ನೋಡುತ್ತಿದ್ದುದು ಎತ್ತುಗಳನ್ನು. ಸುಣ್ಣದ ಗೆರೆಯ ಮೇಲೆ ಮೊದಲು ಬಿದ್ದದ್ದು ಅಂಕಯ್ಯನವರ ಎಡಗಡೆ ಎತ್ತಿನ ಗೊರಸು. ಸಿದ್ದರಾಮುವಿನವು ಒಂದು ಮಾರು ಹಿಂದೆ.

"ಪ್ರಥಮ, ಆತಗೂರಿನ ಅಂಕಯ್ಯನವರು!" ಎಂದಿತು ಮೈಕು.

ಅಂಕಯ್ಯನವರು ಗಾಡಿಯಿಂದ ಇಳಿದು ವೇದಿಕೆಯ ಹತ್ತಿರ ಬಂದರು. "ಸರ್ಯಾಗಿ ಕೇಳ್ನಿಲ್ಲ, ಇನ್ನೊಂದ್ ಸಲ ಅನ್ನಿ" ಎಂದರು. ಮೈಕಿನವನು ಇನ್ನೊಮ್ಮೆ ಅಂದ. "ಮೈಕು ಕೊಯ್ ಅಂತೈತೆ ಕಣಪ್ಪ" ಎಂದರು. ಮೂರನೆಯ ಸಲವೂ ಅಂದ. ಮೂರು ವರ್ಷಕ್ಕೆ ಮೂರು. ಆಮೇಲೆ ಅವರು ಕೇಳಲಿಲ್ಲ.

ಬಹುಮಾನ ಕೊಡುವಾಗ ಮೋಹಿನಿಯವರು ಕರಪತ್ರವನ್ನು ಗಟ್ಟಿಯಾಗಿ ಓದಿದರು. "ಮೊದಲು ಬಂದ ಗಾಡಿಯ ಮಾಲೀಕರಿಗೆ ಒಂದು ಬೀರು." ಗಾಡಿಯ ಮಾಲೀಕರು ಯಾರು? ಪಟ್ಟಿ ನೋಡಿದರು. ಚಿಕ್ಕನಂಜಮ್ಮ. ಅದುವರೆಗೆ ಗಾಡಿಗೂ ಎತ್ತಿಗೂ ಬೇರೆ ಬೇರೆ ಮಾಲೀಕರಿರಬಹುದು ಎಂದು ಸಮಿತಿಯ ಯಾರಿಗೂ ಹೊಳೆದಿರಲಿಲ್ಲ.

ಚಿಕ್ಕನಂಜಮ್ಮ ವೇದಿಕೆ ಹತ್ತಿದಳು. ಬೀರುವನ್ನು ನೋಡಿದಳು, ಕೆಳಗೆ ನಿಂತಿದ್ದ ತನ್ನ ಗಾಡಿಯನ್ನು ನೋಡಿದಳು. ಎರಡರ ಬಣ್ಣವೂ ಕೂದಲೆಳೆಯಷ್ಟು ವ್ಯತ್ಯಾಸವಿಲ್ಲದೆ ಒಂದೇ ಇತ್ತು. ಕಣ್ಣಲ್ಲಿ ನೀರು ತಂದುಕೊಂಡು ಮೈಕಿಗೆ ಬಾಯಿ ಕೊಟ್ಟಳು.

"ಪುಟ್ರಾಜು ಸುಳ್ ಯೋಳ್ನಿಲ್ಲ ಕಣ್ರಪ್ಪೋ! ಸಬ್ಸಿಡಿ ಬಂತು!"

ಗದ್ದೆಯಲ್ಲಿ ಮಿಕ್ಕ ಇಪ್ಪತ್ತೊಂಬತ್ತು ಬದನೆಕಾಯಿ ಗಾಡಿಗಳ ಮಾಲೀಕರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಮಾರನೆಯ ಬೆಳಿಗ್ಗೆ ಪುಟ್ಟರಾಜುವಿನ ಮನೆಯ ಮುಂದೆ ಸಾಲು ಬೀದಿಯ ತುದಿ ಮುಟ್ಟಿತ್ತು. ಕೋಳಿಗೂಡಿನವನು ಮೊದಲಿಗನಾಗಿ ನಿಂತಿದ್ದ. ಮೋಹಿನಿಯವರ ಫೋನು ಬಂತು. ಮೇಲಿನ ಕಚೇರಿಯವರು ಯೋಜನೆಯ ಪ್ರಗತಿ ವರದಿ ಕೇಳಿದ್ದಾರಂತೆ, ಮುಂದಿನ ಕಂತಿನ ಬೀರುಗಳು ಯಾವಾಗ ಎಂದು ತಿಳಿಸಬೇಕಂತೆ. ಪುಟ್ಟರಾಜು ಫೋನು ಆರಿಸಿ, ಹಿತ್ತಲಿನ ಕಡೆಯಿಂದ ಹೊರಬಿದ್ದು, ಕೊಟ್ಟಿಗೆಯಲ್ಲಿ ಅಡಗಿದ.

ಅಂಕಯ್ಯನವರು ಅಲ್ಲೇ ಇದ್ದರು, ಎತ್ತುಗಳಿಗೆ ಹುಲ್ಲು ಹಾಕುತ್ತಿದ್ದರು. ಮಂಜುಶ್ರೀ ಹತ್ತಿರವಿರಲಿಲ್ಲ. ಮಾತು ಸಾಗಿಸುವವರು ಯಾರೂ ಇಲ್ಲವೆಂದು ಖಚಿತಪಡಿಸಿಕೊಂಡ ಮೇಲೆ ಅವರು ಹುಲ್ಲಿನ ಕಟ್ಟು ಕೆಳಗಿಟ್ಟರು. ಹತ್ತೊಂಬತ್ತು ದಿನದ ಮೇಲೆ ಮೊದಲ ಮಾತು.

"ಲೇ."

"ಏನಪ್ಪ."

"ಆ ಕಪ್ಪು ಹಲಗೆ ಐತಲ್ಲ. ಬಿಸ್ಲು ಕಣ್ಗೆ ಒಡೀನೇ ಇಲ್ಲ ಕಣ್ಲಾ."

ಓಟದ ದಿನ ಮಧ್ಯಾಹ್ನದಿಂದಲೇ ಮೋಡವಿತ್ತು ಎಂಬುದನ್ನು ನಾನು ಮೇಲೆ ದಾಖಲಿಸಿದ್ದೇನೆ. ಪುಟ್ಟರಾಜು ಅದನ್ನು ಎತ್ತಲಿಲ್ಲ. ಅವನಿಗೂ ಬುದ್ಧಿ ಬರುತ್ತಿತ್ತು.

ಅಂಕಯ್ಯನವರು ಮೂಲೆಯಲ್ಲಿ ನಿಂತಿದ್ದ ತಮ್ಮ ಮರದ ಗಾಡಿಯನ್ನು ನೋಡಿದರು. ನಾಲ್ಕು ದಿನ ಉಜ್ಜಿದ ಕೈಯನ್ನು ತಿರುಗಿಸಿ ನೋಡಿಕೊಂಡರು. ಬೀದಿಯ ಕಡೆಯಿಂದ ಬೀರು, ಬೀರು ಎಂಬ ಗಲಾಟೆ ಕೇಳುತ್ತಿತ್ತು.

"ಡ್ರಮ್ಮಲ್ಲಿ ಬಣ್ಣ ಇನ್ನೂ ಒಸಿ ಐತೇನ್ಲಾ?" ಎಂದರು.